ಆರೈಕೆ ಇದೆ, ಮಾತಿಲ್ಲ: ಮನೋರೋಗ ಮತ್ತು ನಮ್ಮ ಮನೆಗಳು

ನಮ್ಮ ಅಜ್ಜಿಯ ಅಡುಗೆಮನೆಯ ನಾಗಂದಿಗೆಯ ಮೇಲೆ ಒಂದು ಹಳೆಯ ಹಾರ್ಲಿಕ್ಸ್ ಸೀಸೆ ಇತ್ತು. ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ರಾತ್ರಿ ಊಟವಾದ ಮೇಲೆ ಅಜ್ಜಿ ಸ್ಟೂಲು ಹತ್ತಿ ಅದನ್ನಿಳಿಸಿ, ಮೂರು ಮಾತ್ರೆ ಎಣಿಸಿ, ಒಂದು ಲೋಟ ಮಜ್ಜಿಗೆಯ ಜೊತೆ ನನ್ನ ಸೋದರತ್ತೆಯ ಕೈಗೆ ಕೊಡುತ್ತಿದ್ದಳು. ನುಂಗುವವರೆಗೆ ಎದುರಿಗೇ ನಿಂತಿರುತ್ತಿದ್ದಳು. ಏನದು ಎಂದು ಕೇಳಿದರೆ "ಬಲಕ್ಕೆ" ಎನ್ನುತ್ತಿದ್ದಳು. ತಂದ ದಿನವೇ ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ಸೀಸೆಗೆ ಸುರಿದು, ಹೆಸರಿದ್ದ ಹಾಳೆಯನ್ನು ಒಲೆಗೆ ಹಾಕಿಬಿಡುತ್ತಿದ್ದಳು. ಮನೆಯಲ್ಲಿ ಮದುವೆ, ಮುಂಜಿ ಎಂದರೆ ಅತ್ತೆಗೆ ಅಂದು "ಮೈ ಹುಷಾರಿಲ್ಲ". ಹಿಂದಿನ ಕೋಣೆಗೆ ಎಲೆ ಹೋಗುತ್ತಿತ್ತು, ಹೋಳಿಗೆ ಎರಡು ಹೆಚ್ಚೇ ಇರುತ್ತಿತ್ತು. ಅಜ್ಜಿ ತೀರಿಕೊಂಡ ಮೇಲೆ ವೈಕುಂಠ ಸಮಾರಾಧನೆಯ ಹೊತ್ತಿಗೆ ಸೀಸೆ ಖಾಲಿಯಾಯಿತು. ಅದು ಯಾವ ಮಾತ್ರೆ, ಬರೆದುಕೊಟ್ಟ ಡಾಕ್ಟರು ಯಾರು ಎಂಬುದು ಇಪ್ಪತ್ತು ಜನರಿದ್ದ ಆ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ಮಾನಸಿಕ ಆರೋಗ್ಯ ಮನೆಯ ದಿನನಿತ್ಯದ ಸಂಗತಿಯಾಗಬೇಕು" ಎಂಬ ಮಾತನ್ನು ಈಗ ಎಲ್ಲ ಕಡೆ ಕೇಳುತ್ತೇವೆ. ಕೇಳಿದಾಗಲೆಲ್ಲ ನನಗೆ ಆ ಸೀಸೆಯ ನೆನಪಾಗುತ್ತದೆ. ಆರೈಕೆ ನಮ್ಮ ಮನೆಯಲ್ಲಿ ದಿನನಿತ್ಯದ ಸಂಗತಿಯೇ ಆಗಿತ್ತು, ಒಂದು ರಾತ್ರಿಯೂ ತಪ್ಪಿದ್ದಿಲ್ಲ. ಇಲ್ಲದೆ ಇದ್ದದ್ದು ಮಾತು. ಅಜ್ಜಿಗೆ ಒಂದು ದಿನದ ಬಿಡುವೂ ಇರಲಿಲ್ಲ. ಈ ವಿಷಯದ ಚರ್ಚೆಗಳಲ್ಲಿ ಆರೈಕೆ, ಮಾತು, ಬಿಡುವು ಮೂರನ್ನೂ ಒಂದೇ ಎಂಬಂತೆ ಕಲಸಿಬಿಡುತ್ತಾರೆ. ಯಾವ ಪಂಥ ಯಾವುದನ್ನು ಹಿಡಿದುಕೊಂಡಿದೆ ಎಂದು ಬಿಡಿಸಿ ನೋಡುವುದು ಈ ಲೇಖನದ ಕೆಲಸ.

ಗೋಡೆಯಿಂದ ಡೇರೆಗೆ

ಬ್ರಿಟಿಷರ ಕಾಲದ ಏರ್ಪಾಟು ಸರಳವಾಗಿತ್ತು. ರೋಗಿ ಗೋಡೆಯ ಒಳಗೆ, ಮನೆಯವರು ಗೋಡೆಯ ಹೊರಗೆ. 1912ರ ಕಾಯ್ದೆಯ ಹೆಸರೇ 'ಇಂಡಿಯನ್ ಲೂನಸಿ ಆಕ್ಟ್'. ಬೆಂಗಳೂರಿನಲ್ಲೂ ಧಾರವಾಡದಲ್ಲೂ ಹತ್ತೊಂಬತ್ತನೆಯ ಶತಮಾನದಲ್ಲೇ ಇಂಥ ಆಸ್ಪತ್ರೆಗಳು ಶುರುವಾಗಿದ್ದವು. ಬೆಂಗಳೂರಿನದು ಮೈಸೂರು ಸಂಸ್ಥಾನದ ಮೆಂಟಲ್ ಹಾಸ್ಪಿಟಲ್ ಆಗಿ, 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರು ಇಷ್ಟು ಸಲ ಬದಲಾದರೂ ಬೈಗುಳ ಮಾತ್ರ ಬದಲಾಗಲಿಲ್ಲ. ಹಳೇ ಮೈಸೂರಿನ ಕಡೆ "ನಿಮ್ಹಾನ್ಸ್‌ಗೆ ಸೇರಿಸಬೇಕು ನಿನ್ನ" ಎನ್ನುತ್ತಾರೆ, ಬಡಗಣ ಕರ್ನಾಟಕದಲ್ಲಿ ಅದೇ ಮಾತಿಗೆ ಧಾರವಾಡದ ಹೆಸರು.

ಗೋಡೆಯನ್ನು ಮೊದಲು ಸಡಿಲಿಸಿದವರು ಅಮೃತಸರದ ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆ ಕಿಕ್ಕಿರಿದು ತುಂಬಿತ್ತು. ಅವರು ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಬಂದು ಉಳಿಯಲಿ ಎಂದರು. ಅಡುಗೆ ಅಲ್ಲೇ, ಆರೈಕೆಯೂ ಅಲ್ಲೇ, ಸಂಜೆ ಎಲ್ಲರನ್ನೂ ಕೂರಿಸಿ ಕಾಯಿಲೆಯ ಬಗ್ಗೆ ಮಾತು. ರೋಗಿಗಳು ಬೇಗ ಮನೆಗೆ ಮರಳಿದರು. ಮನೆಗೆ ಮರಳುವ ಮನೆಯವರಿಗೂ ಕಾಯಿಲೆ ಎಂದರೇನು ಎಂದು ತಿಳಿದಿರುತ್ತಿತ್ತು. ಅದೇ ದಶಕದ ಕೊನೆಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ತನ್ನ ಮನೋರೋಗ ಕೇಂದ್ರದಲ್ಲಿ ಬಂಧುವೊಬ್ಬರು ಜೊತೆಗಿರುವ ಪದ್ಧತಿ ಆರಂಭಿಸಿತು. 1970ರ ದಶಕದಲ್ಲಿ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯ ಕೇಂದ್ರ ಬಂತು.

ಪಶ್ಚಿಮದ ಆಸ್ಪತ್ರೆಗಳು ಮನೆಯವರನ್ನು ಭೇಟಿಯ ಗಂಟೆಗಷ್ಟೇ ಒಳಗೆ ಬಿಡುತ್ತಿದ್ದ ಕಾಲ ಅದು. ನಮ್ಮಲ್ಲಿ ಮಾತ್ರ ಅವರಿಗೆ ಮಂಚ ಹಾಕಿಕೊಟ್ಟರು. ಇದನ್ನು ಭಾರತೀಯ ಮನೋವೈದ್ಯದ ಹೆಮ್ಮೆ ಎಂದು ಹೇಳುವುದು ವಾಡಿಕೆ. ಹೆಮ್ಮೆ ಪಡಬಹುದಾದದ್ದೇ. ಆದರೆ ದಾದಿಯರ ಕೊರತೆಯೂ ಅಷ್ಟೇ ನಿಜವಾದ ಕಾರಣ ಎಂಬುದನ್ನು ಹೆಮ್ಮೆಯ ಭರದಲ್ಲಿ ಮರೆಯುತ್ತೇವೆ.

ಮನೆಯೇ ಮದ್ದು

ರೋಗಿಯನ್ನು ಗುಣಪಡಿಸುವುದು ಮನೆಯೇ ಎನ್ನುವ ಮೊದಲ ಪಂಥಕ್ಕೆ ಬಲ ಕೊಟ್ಟದ್ದು ವಿಶ್ವ ಆರೋಗ್ಯ ಸಂಸ್ಥೆಯ ಸ್ಕಿಜೋಫ್ರೀನಿಯಾ ಅಧ್ಯಯನಗಳು. 1960ರ ದಶಕದ ಕೊನೆಗೆ ಒಂಬತ್ತು ದೇಶಗಳಲ್ಲಿ ಆರಂಭವಾದ ಅಧ್ಯಯನದಲ್ಲಿ ಭಾರತದ ಕೇಂದ್ರ ಆಗ್ರಾ. ವರ್ಷಗಳ ನಂತರ ಅದೇ ರೋಗಿಗಳನ್ನು ಹುಡುಕಿ ನೋಡಿದರೆ ಭಾರತ, ನೈಜೀರಿಯಾ, ಕೊಲಂಬಿಯಾಗಳಲ್ಲಿ ಚೇತರಿಸಿಕೊಂಡವರು ಸಿರಿವಂತ ದೇಶಗಳಿಗಿಂತ ಹೆಚ್ಚು. ಆಸ್ಪತ್ರೆಗಳು ಒಳ್ಳೆಯವಿದ್ದ ಕಡೆಗಿಂತ ಇಲ್ಲದ ಕಡೆ ಹೆಚ್ಚು ಜನ ಗುಣವಾದರು. ಹಾಗಾದರೆ ಗುಣಪಡಿಸಿದ್ದು ಏನು? ಅವಿಭಕ್ತ ಕುಟುಂಬ ಎಂಬ ಉತ್ತರ ಎಲ್ಲರ ಬಾಯಿಗೂ ಬಂತು.

ಇದಕ್ಕೆ ಇನ್ನೊಂದು ಕಡೆಯಿಂದ ಆಧಾರ ಸಿಕ್ಕಿತು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಅವರ ನಂತರದವರು ಗಮನಿಸಿದ ಸಂಗತಿ ಇದು: ಆಸ್ಪತ್ರೆಯಿಂದ ಹೋದ ರೋಗಿಗೆ ಕಾಯಿಲೆ ಮರುಕಳಿಸುತ್ತದೋ ಇಲ್ಲವೋ ಎಂಬುದಕ್ಕೂ ಮನೆಯವರು ಅವನ ಬಗ್ಗೆ ಮಾತಾಡುವ ಧಾಟಿಗೂ ಸಂಬಂಧವಿದೆ. ಎತ್ತಿದ್ದಕ್ಕೆ ಇಟ್ಟದ್ದಕ್ಕೆ ಟೀಕೆ, ಒಳಗೊಳಗೇ ಹಗೆ, ಇಲ್ಲವೇ ಉಸಿರು ಕಟ್ಟಿಸುವಷ್ಟು ಮುತುವರ್ಜಿ. ಈ ಮೂರರಲ್ಲಿ ಒಂದಾದರೂ ಇದ್ದ ಮನೆಗಳಲ್ಲಿ ಕಾಯಿಲೆ ಬೇಗ ಮರುಕಳಿಸುತ್ತಿತ್ತು. ಇದೇ ಅಳತೆಗೋಲನ್ನು ಚಂಡೀಗಢಕ್ಕೆ ತಂದು ಅಳೆದರು. 1987ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅಲ್ಲಿನ ಮನೆಗಳಲ್ಲಿ ಟೀಕೆ ಲಂಡನ್ನಿಗಿಂತ ಬಹಳ ಕಡಿಮೆ. ಹಳ್ಳಿಯ ಮನೆಗಳಲ್ಲಂತೂ ಇನ್ನೂ ಕಡಿಮೆ. "ಅವನ ಹಣೆಬರಹ, ಏನು ಮಾಡೋದು" ಎಂಬ ನಮ್ಮ ಮಾತನ್ನು ಪೇಟೆಯ ಓದಿದವರು ಅಜ್ಞಾನ ಎನ್ನುತ್ತಾರೆ. ರೋಗಿಯ ಕಡೆಯಿಂದ ನೋಡಿದರೆ ಅದು ತಪ್ಪನ್ನು ಅವನ ತಲೆಯಿಂದ ಇಳಿಸಿ ಹಣೆಬರಹದ ಮೇಲೆ ಹೊರಿಸುವ ಮಾತು.

ಆದರೆ ಈ ಪಂಥದ ತಳಪಾಯವೂ ಅಲುಗಾಡದೆ ಉಳಿದಿಲ್ಲ. 2008ರಲ್ಲಿ ಅಲೆಕ್ಸ್ ಕೋಹೆನ್, ವಿಕ್ರಂ ಪಟೇಲ್, ಚೆನ್ನೈನ ಆರ್. ತಾರಾ ಮತ್ತು ನೈಜೀರಿಯಾದ ಒಯೆ ಗುರೆಜೆ ಹಳೆಯ ಅಂಕಿಅಂಶಗಳನ್ನೆಲ್ಲ ಮತ್ತೆ ಜಾಲಾಡಿ, "ಬಡದೇಶಗಳಲ್ಲಿ ಗುಣವಾಗುತ್ತದೆ" ಎಂಬ ನಂಬಿಕೆ ಅಷ್ಟು ಸಲೀಸಾಗಿ ಒಪ್ಪುವಂಥದ್ದಲ್ಲ ಎಂದರು. ಊರೂರಿಗೆ ಫಲಿತಾಂಶ ಬೇರೆ. ಸತ್ತವರ, ಕಾಣೆಯಾದವರ ಲೆಕ್ಕ ಬೇರೆ. ಮನೆಯಲ್ಲಿದ್ದಾರೆ ಎಂದ ಮಾತ್ರಕ್ಕೆ ಚೆನ್ನಾಗಿದ್ದಾರೆ ಎಂದಲ್ಲ. ಹಿಂದಿನ ಕೋಣೆಯಲ್ಲಿ ಎಲೆ ಹಾಕಿಸಿಕೊಂಡು ಕೂತವರನ್ನೂ ಗುಣವಾದವರ ಲೆಕ್ಕಕ್ಕೆ ಸೇರಿಸಿದ್ದೇವೆಯೇ ಎಂಬ ಅನುಮಾನ ನನಗಂತೂ ಇದೆ.

ಮನೆಯೇ ಕಾಯಿಲೆ

ಎದುರು ಪಂಥ ಅಮೆರಿಕ, ಇಂಗ್ಲೆಂಡಿನಿಂದ ಬಂದದ್ದು. 1948ರಲ್ಲಿ ಫ್ರೀಡಾ ಫ್ರಾಮ್-ರೈಖ್‌ಮನ್ ಮಗುವಿಗೆ ಸ್ಕಿಜೋಫ್ರೀನಿಯಾ ತರುವ ತಾಯಿ ಎಂಬ ಕಲ್ಪನೆಗೆ ಹೆಸರು ಕೊಟ್ಟರು. 1956ರಲ್ಲಿ ಗ್ರೆಗರಿ ಬೇಟ್‌ಸನ್ ಮತ್ತು ಸಂಗಡಿಗರು, "ಬಾ" ಎಂದು ಬಾಯಲ್ಲಿ ಕರೆದು "ಬರಬೇಡ" ಎಂದು ಕಣ್ಣಲ್ಲಿ ದೂಡುವ ಮನೆಮಾತಿನಲ್ಲೇ ರೋಗದ ಬೇರಿದೆ ಎಂದು ವಾದಿಸಿದರು. ಆರ್. ಡಿ. ಲೇಯಿಂಗ್ 1964ರ ಹೊತ್ತಿಗೆ ಹನ್ನೊಂದು ಕುಟುಂಬಗಳ ಕಥೆ ಬರೆದು, ಹುಚ್ಚು ಎನ್ನಿಸಿಕೊಂಡ ಹುಡುಗಿಯರ ಮಾತು ಅವರವರ ಮನೆಯೊಳಗಿಟ್ಟು ನೋಡಿದರೆ ಅರ್ಥವಾಗುವಂಥದ್ದೇ ಎಂದರು. ತಾಯಿಯ ಮೇಲೆ ಹೊರಿಸಿದ ಆರೋಪಕ್ಕೆ ಪುರಾವೆ ಸಿಗಲಿಲ್ಲ, ಅದು ಬಿದ್ದುಹೋಯಿತು. ಬಿದ್ದುಹೋಯಿತು ಎಂದರೆ ಪುಸ್ತಕದಲ್ಲಿ. ನಮ್ಮ ಬೀದಿಗಳಲ್ಲಿ "ತಾಯಿ ಸರಿಯಾಗಿ ಬೆಳೆಸಿದ್ದರೆ ಹೀಗಾಗುತ್ತಿತ್ತೇ" ಎಂಬ ಮಾತು ಯಾವ ಪುಸ್ತಕವನ್ನೂ ಓದದೆಯೇ ಇಂದಿಗೂ ಜೀವಂತವಾಗಿದೆ.

ಈ ಪಂಥದ ಕನ್ನಡದ ಆವೃತ್ತಿ ಯಾವ ವೈದ್ಯರ ಬರಹಕ್ಕಿಂತಲೂ ಗಟ್ಟಿಯಾಗಿ ಇರುವುದು ತ್ರಿವೇಣಿಯವರ 'ಶರಪಂಜರ'ದಲ್ಲಿ. ಪುಟ್ಟಣ್ಣ ಕಣಗಾಲ್ 1971ರಲ್ಲಿ ಅದನ್ನು ತೆರೆಗೆ ತಂದಾಗ ಕಾವೇರಿಯಾಗಿ ಕಲ್ಪನಾ ಮಾಡಿದ ಪಾತ್ರವನ್ನು ಇಂದಿಗೂ ಜನ ಮರೆತಿಲ್ಲ. ಬಾಣಂತನದ ಹೊತ್ತಿನಲ್ಲಿ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ ಕಾವೇರಿ ಗುಣವಾಗಿಯೇ ಮನೆಗೆ ಬರುತ್ತಾಳೆ. ಆಮೇಲೆ ಅವಳು ನಕ್ಕರೂ ಅನುಮಾನ, ಸಿಟ್ಟು ಮಾಡಿದರೂ ಅನುಮಾನ, ಮಗುವನ್ನು ಎತ್ತಿಕೊಂಡರೂ ಅನುಮಾನ. ಗುಣವಾದವಳನ್ನು ಮತ್ತೆ ಆಸ್ಪತ್ರೆಗೆ ಅಟ್ಟುವುದು ಕಾಯಿಲೆಯಲ್ಲ, ಮನೆ. ಚಂಡೀಗಢದ ಅಧ್ಯಯನಕ್ಕೆ ಎಷ್ಟೋ ಮೊದಲೇ, ಮರುಕಳಿಸುವಿಕೆಗೂ ಮನೆಯವರ ಧಾಟಿಗೂ ಇರುವ ನಂಟನ್ನು ಒಬ್ಬ ಕನ್ನಡದ ಲೇಖಕಿ ಕಂಡಿದ್ದರು. ತೀರ್ಮಾನ ಮಾತ್ರ ಚಂಡೀಗಢದ್ದಕ್ಕೆ ತಿರುಗುಮುರುಗು.

ಇದೇ ಪಂಥದ ಇಂದಿನ ದನಿ ಸ್ತ್ರೀವಾದಿಗಳದು, ಚಿಕಿತ್ಸೆ ಪಡೆದವರೇ ಕಟ್ಟಿದ ಬಳಕೆದಾರರ ಚಳವಳಿಯದು. ಪುಣೆಯ ಭಾರ್ಗವಿ ದಾವರ್ ಅವರಂಥವರು ಎತ್ತಿದ ಪ್ರಶ್ನೆ: ಹೆಣ್ಣನ್ನು ಆಸ್ಪತ್ರೆಗೆ ಸೇರಿಸುವ ಸಹಿ ಯಾರದು? ಹೊಡೆಯುವ ಗಂಡನೇ 'ಆರೈಕೆದಾರ' ಎಂದು ಬರೆಸಿಕೊಂಡರೆ? ಚೆನ್ನೈನ ಸ್ಕಾರ್ಫ್ ಸಂಸ್ಥೆಯವರು ಸ್ಕಿಜೋಫ್ರೀನಿಯಾ ಇದ್ದು ದಾಂಪತ್ಯ ಮುರಿದ ಮಹಿಳೆಯರನ್ನು ಅಧ್ಯಯನ ಮಾಡಿದ್ದಾರೆ. ಅವರಲ್ಲಿ ಹೆಚ್ಚಿನವರು ತವರಿಗೆ ಮರಳಿದವರು, ಕಾನೂನುಬದ್ಧ ವಿಚ್ಛೇದನವೂ ಆಗದವರು. ಗಂಡಸಿಗೆ ಕಾಯಿಲೆಯಾದರೆ ಹೆಂಡತಿ ನೋಡಿಕೊಳ್ಳುತ್ತಾಳೆ, ಹೆಂಡತಿಗೆ ಆದರೆ ಅವಳ ತಾಯಿ. 'ಕುಟುಂಬದ ಆರೈಕೆ' ಎಂದು ನಾವು ಬಾಯಿತುಂಬ ಹೇಳುವಾಗ ಆ ಕುಟುಂಬ ಬಹುಪಾಲು ಒಬ್ಬಳೇ ಹೆಂಗಸು.

ಮಾತ್ರೆ ಊರಿಗೆ ಬರಲಿ

ಮೂರನೆಯವರು ಈ ಎರಡು ವಾದಕ್ಕೂ ತಲೆ ಕೊಡದವರು. ಮನೆ ಒಳ್ಳೆಯದೋ ಕೆಟ್ಟದ್ದೋ ಆಮೇಲೆ ನೋಡೋಣ, ಮೊದಲು ಮಾತ್ರೆ ಹತ್ತಿರದಲ್ಲಿ ಸಿಗಲಿ ಎನ್ನುವವರು. ಇದರ ಒಂದು ತವರು ಕರ್ನಾಟಕ. 1970ರ ದಶಕದ ನಡುವೆ ಆನೇಕಲ್ ಸೀಮೆಯ ಸಕಲವಾರದಲ್ಲಿ ಡಾ. ಆರ್. ಎಲ್. ಕಪೂರ್ ಮತ್ತು ನಿಮ್ಹಾನ್ಸ್‌ನ ಸಂಗಡಿಗರು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸಲು ಕಲಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಸುಮಾರು ಇಪ್ಪತ್ತು ಲಕ್ಷ ಜನರಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಯಿತು. ಆ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾಗಿ ಈಗ ದೇಶದ ಉದ್ದಗಲಕ್ಕೂ ಹರಡಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ.

ತೀರ್ಥಹಳ್ಳಿ ತಾಲ್ಲೂಕಿನ ಕೆಲಸ ಇದರ ಮುಂದಿನ ಮಾತು. ಡಾ. ಜಗದೀಶ ತೀರ್ಥಹಳ್ಳಿ ಮತ್ತು ನಿಮ್ಹಾನ್ಸ್ ತಂಡ ಅಲ್ಲಿ ಚಿಕಿತ್ಸೆಯನ್ನೇ ಕಾಣದ ಸ್ಕಿಜೋಫ್ರೀನಿಯಾ ರೋಗಿಗಳನ್ನು ಹುಡುಕಿ, ಊರ ಹತ್ತಿರವೇ ಔಷಧಿ ಕೊಟ್ಟು, ಏನಾಯಿತೆಂದು ನೋಡಿತು. ರೋಗಿಗಳ ಅಸಾಮರ್ಥ್ಯ ತಗ್ಗಿತು, ಜೊತೆಗೆ ಮನೆಯವರ ಹೊರೆಯೂ ತಗ್ಗಿತು. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯಲ್ಲಿ ತೂಕದ ಸಾಕ್ಷ್ಯ ಇದೇ. ಮನೆಯವರ ಮನೋಭಾವ ತಿದ್ದಲು ಭಾಷಣ ಬೇಕಾಗಲಿಲ್ಲ. ಮಗ ರಾತ್ರಿ ನಿದ್ದೆ ಮಾಡಿದ, ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋದ, ಮನೆಯವರ ದನಿ ತಾನೇ ಮೆತ್ತಗಾಯಿತು.

ಈಗ 'ಮನೋಚೈತನ್ಯ' ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಅಂಥ ಒಂದು ಮಂಗಳವಾರ ಸರದಿಯಲ್ಲಿ ಕೂತು ನೋಡಿದ್ದೇನೆ. ಮಗಳ ಹೊರರೋಗಿ ಚೀಟಿಯನ್ನು ತಾಯಿ ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಸಂಚಿಯಲ್ಲಿ ಇಟ್ಟುಕೊಂಡಿದ್ದರು. ಪಕ್ಕದವರು "ಏನಮ್ಮ ಬಂದದ್ದು" ಎಂದರೆ "ತಲೆನೋವು" ಎಂದರು. ಕೇಳಿದಾಕೆಯೂ "ನಮಗೂ ತಲೆನೋವೇ" ಎಂದರು. ಇಬ್ಬರೂ ಸಣ್ಣಗೆ ನಕ್ಕರು. ಮಾತ್ರೆ ತಾಲ್ಲೂಕಿಗೆ ಬಂದಿತ್ತು, ಮಾತು ಇನ್ನೂ ದಾರಿಯಲ್ಲಿತ್ತು.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ನಿಮ್ಹಾನ್ಸ್. ಹನ್ನೆರಡು ರಾಜ್ಯಗಳ ಸುಮಾರು 35 ಸಾವಿರ ವಯಸ್ಕರನ್ನು ಮಾತಾಡಿಸಿತು. ಶೇ. 10.6ರಷ್ಟು ಜನರಿಗೆ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಅದಕ್ಕಿಂತ ಕಂಗೆಡಿಸುವುದು ಚಿಕಿತ್ಸೆ ಸಿಗದವರ ಪ್ರಮಾಣ: ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92. ತಮಾಷೆಯೆಂದರೆ ಆ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕ ಇಲ್ಲ.

ಪಾತ್ರಿ, ಮಂತ್ರವಾದಿ, ಗಾಣಗಾಪುರ

ನಮ್ಮ ಜನಕ್ಕೆ ಈ ವಿಷಯ ಮಾತಾಡಲು ಬರುವುದೇ ಇಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಬೇರೆ ಮಾತಿನಲ್ಲಿ ಬರುತ್ತದೆ. "ಗಾಳಿ ಸೋಕಿದೆ", "ಮಾಟ ಮಾಡಿಸಿದ್ದಾರೆ", "ನಾಗದೋಷ". ಮನೋವೈದ್ಯ ಮಾರಿಸ್ ಕಾರ್‌ಸ್ಟೇರ್ಸ್ ಜೊತೆ ಕಪೂರ್ ಕರಾವಳಿಯ ಕೋಟದಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಅಲ್ಲಿ ಜನ ಪಂಡಿತರ ಬಳಿಗೆ, ಮಂತ್ರವಾದಿಯ ಬಳಿಗೆ, ದೈವ ಮೈಮೇಲೆ ಬರುವ ಪಾತ್ರಿಯ ಬಳಿಗೆ ಹೋಗುತ್ತಿದ್ದರು. ಇಂಗ್ಲಿಷ್ ಔಷಧಿಯ ಡಾಕ್ಟರನ್ನೂ ಬಿಡುತ್ತಿರಲಿಲ್ಲ. ಒಂದು ಇನ್ನೊಂದಕ್ಕೆ ಅಡ್ಡಿ ಎಂದು ಅವರಿಗೆ ಅನ್ನಿಸಲೇ ಇಲ್ಲ.

ಕಲಬುರಗಿ ಜಿಲ್ಲೆಯ ಗಾಣಗಾಪುರದಲ್ಲಿ ಆರತಿಯ ಹೊತ್ತಿಗೆ ಮೈದುಂಬಿ ಕೂಗುವವರನ್ನು ಕಂಡವರಿಗೆ ಒಂದು ಸಂಗತಿ ಗೊತ್ತು. ಅಲ್ಲಿ ಮನೆಯವರು ತಲೆತಗ್ಗಿಸಿ ನಿಲ್ಲುವುದಿಲ್ಲ. ದೆವ್ವ ಹಿಡಿದದ್ದು ನಾಚಿಕೆಯ ಮಾತಲ್ಲ, ಹುಚ್ಚು ಹಿಡಿದದ್ದು ನಾಚಿಕೆಯ ಮಾತು. ಇಂಥ ಕ್ಷೇತ್ರಗಳನ್ನು, ಪಾತ್ರಿಗಳನ್ನು ಸಮರ್ಥಿಸುವ ಪಂಥದವರ ವಾದ ಇಲ್ಲೇ ಬಲವಾಗಿದೆ: ಮನೆಯವರಿಗೆ ಎಲ್ಲರೆದುರು ಮಾತಾಡಲು ಒಂದು ಜಾಗ, ಒಂದು ಭಾಷೆ ಸಿಗುತ್ತದೆ. ಬಲವಿಲ್ಲದಿರುವುದು ಎಲ್ಲಿ ಎಂಬುದನ್ನು 2001ರ ಆಗಸ್ಟ್ 6 ತೋರಿಸಿತು. ತಮಿಳುನಾಡಿನ ಎರವಾಡಿಯ ದರ್ಗಾದ ಬಳಿಯ ಖಾಸಗಿ ಆಶ್ರಯತಾಣಕ್ಕೆ ಬೆಂಕಿ ಬಿದ್ದು 28 ಜನ ಸತ್ತರು. ಸರಪಳಿ ಹಾಕಿದ್ದರಿಂದ ಓಡಲಾಗಲಿಲ್ಲ. ಅವರಲ್ಲಿ ಅನೇಕರನ್ನು ಅಲ್ಲಿಗೆ ಕರೆತಂದು ಬಿಟ್ಟವರು ಮನೆಯವರೇ.

ಕಾನೂನು ಕಂಡ ಕುಟುಂಬ

ಎರವಾಡಿಯ ನಂತರದ ಹಾದಿ ಹಕ್ಕುಗಳ ಕಡೆಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಸರಪಳಿ ನಿಷಿದ್ಧ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು. ತನಗೆ ಹುಷಾರಿಲ್ಲದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚೆಯೇ ಬರೆದಿಡಬಹುದು. ತನ್ನ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ರೋಗಿಯೇ ನೇಮಿಸಬಹುದು. ಆ ಪ್ರತಿನಿಧಿ ಮನೆಯವರೇ ಆಗಬೇಕೆಂದಿಲ್ಲ, ಗೆಳೆಯನಾದರೂ ಸರಿ. ಯಾರನ್ನೂ ನೇಮಿಸದಿದ್ದಾಗಷ್ಟೇ ಸರದಿಯಲ್ಲಿ ಬಂಧುಗಳು ಬರುತ್ತಾರೆ.

ಅನೇಕ ಮನೋವೈದ್ಯರಿಗೂ ಆರೈಕೆದಾರರ ಸಂಘಗಳಿಗೂ ಇದು ರುಚಿಸಲಿಲ್ಲ. ಮೂವತ್ತು ವರ್ಷ ನೋಡಿಕೊಂಡ ತಾಯಿಯನ್ನು ಬದಿಗೆ ಸರಿಸಿ, ನಿನ್ನೆ ಪರಿಚಯವಾದವನ ಕೈಗೆ ಅಧಿಕಾರ ಕೊಡುವುದೇ? ಇದು ಒಬ್ಬೊಬ್ಬರೇ ಬದುಕುವ ದೇಶಗಳ ಕಾನೂನು ಎಂಬುದು ಅವರ ದೂರು. ಹಕ್ಕುಗಳ ಪಂಥದ ಉತ್ತರ: ತಾಯಿಯನ್ನೇ ನೇಮಿಸಿಕೊಳ್ಳಲು ಯಾರ ತಡೆಯೂ ಇಲ್ಲ, ನೇಮಿಸದಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ನನಗೆ ಎರಡನೆಯ ಮಾತೇ ಸರಿ ಕಾಣುತ್ತದೆ. ಆದರೆ ಆರೈಕೆ ಮಾಡುವವರ ಕರ್ತವ್ಯಗಳನ್ನು ಊಹಿಸಿಕೊಂಡ ಕಾಯ್ದೆ ಅವರಿಗೆ ಬಿಡುವಿನ ಹಕ್ಕನ್ನು ಕೊಡಲಿಲ್ಲ ಎಂಬ ದೂರಿಗೆ ಯಾರ ಬಳಿಯೂ ಉತ್ತರವಿಲ್ಲ.

ಮನೆಗಳು ಯಾಕೆ ಮುಚ್ಚಿಡುತ್ತವೆ ಎಂಬುದಕ್ಕೆ ಇನ್ನೊಂದು ಕಾನೂನನ್ನೂ ನೋಡಬೇಕು. 1955ರ ಹಿಂದೂ ವಿವಾಹ ಕಾಯ್ದೆಯಿಂದ ಮೂರ್ಛೆರೋಗವನ್ನು 1999ರಲ್ಲಿ ತೆಗೆದರು, ವಿಚ್ಛೇದನದ ಕಾರಣಗಳಿಂದ ಕುಷ್ಠವನ್ನು 2019ರಲ್ಲಿ ತೆಗೆದರು. ಮನೋರೋಗ ಅಲ್ಲೇ ಉಳಿದಿದೆ. ಕಾಯಿಲೆಯ ಹೆಸರೊಂದೇ ಸಾಲದು, ಜೊತೆಗೆ ಬಾಳುವುದು ಅಸಾಧ್ಯವೆನ್ನುವಷ್ಟು ಅದು ತೀವ್ರವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಆದರೆ ವಧುವರರ ಜಾತಕ ಹಿಡಿದು ಓಡಾಡುವವರು ತೀರ್ಪು ಓದುವುದಿಲ್ಲ. ಅಕ್ಕನ ಮಾತ್ರೆಯ ಸುದ್ದಿ ಹೊರಬಿದ್ದರೆ ತಂಗಿಯ ಮದುವೆ ನಿಲ್ಲುತ್ತದೆ. ಮೌನಕ್ಕೆ ಅಜ್ಞಾನಕ್ಕಿಂತ ಲೆಕ್ಕಾಚಾರವೇ ದೊಡ್ಡ ಕಾರಣ.

ಮಾತು ಕಲಿಸುವವರು

ಕೊನೆಯದು ಇತ್ತೀಚಿನ ಪಂಥ. ಕಾಯಿಲೆಯವರೆಗೆ ಕಾಯಬೇಡಿ, ಸಂಜೆ ಕಾಫಿಯ ಹೊತ್ತಿಗೆ "ಇವತ್ತು ಮನಸ್ಸು ಹೇಗಿದೆ" ಎಂದು ಕೇಳಿ ಎನ್ನುವವರದು. ಕನ್ನಡದಲ್ಲಿ ಇದು ತೀರಾ ಹೊಸದಲ್ಲ. 'ಕೊರವಂಜಿ' ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಟ್ಟ ಪುಸ್ತಕಗಳು ಎಷ್ಟೋ ಮನೆಗಳ ಕಪಾಟಿನಲ್ಲಿವೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರದ 'ಯುವ ಸ್ಪಂದನ' ಕೇಂದ್ರಗಳು ಜಿಲ್ಲೆಗಳಲ್ಲಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ.

ಇವರ ಮೇಲಿನ ಆಕ್ಷೇಪ ಎಂದರೆ ಪರೀಕ್ಷೆಯ ಅಳುಕನ್ನೂ ಅತ್ತೆ ಸೊಸೆ ಜಗಳವನ್ನೂ ಕಾಯಿಲೆ ಮಾಡಿಬಿಡುತ್ತಾರೆ, ಸಾಲಬಾಧೆಗೆ ಸಮಾಲೋಚನೆ ಹೇಳುತ್ತಾರೆ ಎಂಬುದು. ಆಕ್ಷೇಪದಲ್ಲಿ ಹುರುಳಿದೆ. ಬೆಳೆ ಹೋದ ರೈತನ ಖಿನ್ನತೆಗೆ ಮಾತ್ರೆಯ ಜೊತೆ ಬೆಳೆವಿಮೆಯೂ ಬೇಕು. ಆದರೂ ಬಾಣಂತನದ ಉದಾಹರಣೆ ನೋಡಿ. ಎಣ್ಣೆ ನೀರು, ಬೆಚ್ಚನೆಯ ಕೋಣೆ, ತಿಂಗಳುಗಟ್ಟಲೆ ತವರಿನ ಆರೈಕೆ, ಇಷ್ಟು ಕಟ್ಟುನಿಟ್ಟಾದ ಏರ್ಪಾಟಿನಲ್ಲಿ ಬಾಣಂತಿಯನ್ನು "ಅಳು ಬರುತ್ತಿದೆಯಾ" ಎಂದು ಕೇಳುವ ಪದ್ಧತಿ ಮಾತ್ರ ಇಲ್ಲ. ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇರಿಸಿಕೊಳ್ಳುವ ವಿಭಾಗ ಬಂದದ್ದು 'ಶರಪಂಜರ'ದ ಕಾವೇರಿಯ ಕಥೆ ತೆರೆಗೆ ಬಂದ ಎಷ್ಟೋ ವರ್ಷಗಳ ಮೇಲೆ.

ತೀರದ ಪ್ರಶ್ನೆಗಳು

ಮನೆ ಮದ್ದೋ ಕಾಯಿಲೆಯೋ ಎಂಬ ಜಗಳ ಅರ್ಧ ತೀರಿದೆ. ಯಾವ ಮನೆಯೂ ಪೂರ್ತಿ ಒಂದಾಗಿರುವುದಿಲ್ಲ ಎಂಬುದನ್ನು ಈಗ ಎರಡೂ ಕಡೆಯವರು ಒಪ್ಪುತ್ತಾರೆ. ತೀರದೆ ಉಳಿದಿರುವುದು ಬೇರೆ. ಮಾತು ಹೆಚ್ಚಿದರೆ ಚಿಕಿತ್ಸೆ ಹೆಚ್ಚುತ್ತದೆಯೇ, ಅಥವಾ ಚಿಕಿತ್ಸೆ ಸಿಕ್ಕಮೇಲೆ ಮಾತು ತಾನೇ ಬರುತ್ತದೆಯೇ? ತೀರ್ಥಹಳ್ಳಿ ಎರಡನೆಯದರ ಕಡೆ ವಾಲುತ್ತದೆ, ಪ್ರಚಾರಕ್ಕೆ ಹಣ ಕೊಡುವವರು ಮೊದಲನೆಯದರ ಕಡೆ. ಚಂಡೀಗಢದಲ್ಲಿ ಅಳೆದ ಮೆದುದನಿ ಇಂದಿನ ಎರಡು ಕೋಣೆಯ ಫ್ಲ್ಯಾಟಿನಲ್ಲೂ ಉಳಿದಿದೆಯೇ? ಪಾತ್ರಿ ಮತ್ತು ಮನೋವೈದ್ಯರನ್ನು ಜೊತೆಗೂಡಿಸಬಹುದೇ, ಕೂಡಿಸಿದರೆ ಯಾರು ಯಾರ ಮಾತು ಕೇಳಬೇಕು? ಹೊಡೆಯುವ ಮನೆಯಿಂದ ಹೊರಬಂದ ಹೆಣ್ಣಿಗೆ 'ಕುಟುಂಬದ ಆರೈಕೆ'ಯ ಬದಲು ಏನಿದೆ?

ಆರೈಕೆದಾರರ ಸಭೆಗಳಲ್ಲಿ ಕೂತವರಿಗೆ ಗೊತ್ತು, ಎಲ್ಲಿಂದ ಶುರುವಾದರೂ ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ನಮ್ಮ ನಂತರ ಯಾರು?" ಎಪ್ಪತ್ತು ದಾಟಿದ ತಾಯಿ, ನಲವತ್ತೈದರ ಮಗ, ಅಮೆರಿಕದಿಂದ ಭಾನುವಾರ ಫೋನು ಮಾಡುವ ಇನ್ನೊಬ್ಬ ಮಗ. ಸಮುದಾಯದ ನಡುವೆ ಬದುಕುವ ಹಕ್ಕನ್ನು 2017ರ ಕಾಯ್ದೆ ಕೊಟ್ಟಿದೆ. ಆ ಹಕ್ಕಿಗೆ ಬೇಕಾದ ಆಸರೆಮನೆಗಳು ಬೆಂಗಳೂರಿನಲ್ಲಿ ಕೆಲವು ಇವೆ, ತಾಲ್ಲೂಕುಗಳಲ್ಲಿ ಹುಡುಕಬೇಕು.

ನಮ್ಮ ಅತ್ತೆಯ ಮಾತ್ರೆಯ ಹೆಸರು ಕೊನೆಗೆ ಸಿಕ್ಕಿದ್ದು ಅಜ್ಜಿಯ ಸೀರೆ ಪೆಟ್ಟಿಗೆಯ ತಳದಲ್ಲಿದ್ದ ಒಂದು ಚೀಟಿಯಲ್ಲಿ. ಸೀಸೆ ಖಾಲಿಯಾಗಿ ಒಂಬತ್ತು ದಿನವಾಗಿತ್ತು. ಅಷ್ಟರಲ್ಲಿ ಅತ್ತೆ ರಾತ್ರಿಯೆಲ್ಲ ಅಂಗಳದಲ್ಲಿ ನಡೆದಾಡಲು ಶುರುಮಾಡಿದ್ದಳು. ಚೀಟಿ ಹಿಡಿದು ಪೇಟೆಗೆ ಹೋದವರು ನನ್ನ ತಾಯಿ. ಮಾರನೆಯ ದಿನದಿಂದ ಸ್ಟೂಲು ಹತ್ತುವ ಸರದಿ ಅವರದಾಯಿತು.